ಮಕ್ಕಳ ನರ್ಸಿಂಗ್ ಓದೋಕೆ ಇಂಗ್ಲೆಂಡಿಗೇ ಹೋಗಬೇಕಾ?

ಪೊನ್ನಂಪೇಟೆ ಅಪ್ಪ:
ಮಗಳು ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ನರ್ಸಿಂಗೇ ಬೇಕು, ಅದರಲ್ಲೂ ಮಕ್ಕಳ ವಾರ್ಡೇ ಬೇಕು ಅಂತ ಹಟ. ಇಲ್ಲಿ ಬಿಎಸ್ಸಿ ನರ್ಸಿಂಗ್ ಅಂದರೆ ನಾಲ್ಕು ವರ್ಷ, ಮಕ್ಕಳ ವಿಷಯ ಅದರಲ್ಲಿ ಒಂದು ಭಾಗ ಅಷ್ಟೇ. ಒಬ್ಬ ಏಜೆಂಟ್ ಸಿಕ್ಕಿದ್ದಾನೆ, ಇಂಗ್ಲೆಂಡಿನಲ್ಲಿ ಮಕ್ಕಳ ನರ್ಸಿಂಗಿಗೇ ಬೇರೆ ಡಿಗ್ರಿ ಇದೆ, ಮೂರೇ ವರ್ಷ ಅಂತಾನೆ. ದುಡ್ಡಿಗೆ ತೋಟದ ಮೇಲೆ ಸಾಲ ತೆಗೀಬೇಕು. ಗೊತ್ತಿರುವವರು ಹೇಳಿ, ಹೋಗಲಿ ಅನ್ನಲಾ, ಬೇಡ ಅನ್ನಲಾ?

ನೈಟ್ ಡ್ಯೂಟಿ:
ಏಜೆಂಟ್ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾನೆ. ಅಲ್ಲಿ ನರ್ಸಿಂಗ್ ಸೇರುವಾಗಲೇ ದಾರಿ ಆರಿಸಿಕೊಳ್ಳಬೇಕು: ದೊಡ್ಡವರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕೆಯ ತೊಂದರೆ ಇರುವವರು, ಹೀಗೆ ನಾಲ್ಕು. ಮಕ್ಕಳದ್ದು ಓದಿದರೆ ರಿಜಿಸ್ಟ್ರೇಷನ್ ಕೂಡ ಮಕ್ಕಳ ನರ್ಸ್ ಅಂತಲೇ ಆಗುತ್ತದೆ. ಮೂರು ವರ್ಷದಲ್ಲಿ ಒಟ್ಟು 4,600 ಗಂಟೆ, ಅರ್ಧ ಪಾಠ, ಅರ್ಧ ವಾರ್ಡು. ಆ ವಾರ್ಡಿನ ಕೆಲಸಕ್ಕೆ ಸಂಬಳ ಇಲ್ಲ. ಫೀಸ್ ಅಲ್ಲಿಯವರಿಗಿಂತ ಹೊರಗಿನವರಿಗೆ ಜಾಸ್ತಿ. ಸ್ಟೂಡೆಂಟ್ ವೀಸಾದಲ್ಲಿ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ವಾರ್ಡು, ಓದು ಮುಗಿಸಿಕೊಂಡು ಅಷ್ಟು ದುಡಿಯುವ ತ್ರಾಣ ಯಾರಿಗಿರುತ್ತದೆ?

ತೋಟದ ಮೂಲೆ:
ನನಗೆ ಒಂದು ಅರ್ಥ ಆಗಲ್ಲ. ಮಕ್ಕಳನ್ನ ನೋಡಿಕೊಳ್ಳೋಕೆ ಅಂತಲೇ ಒಂದು ಡಿಗ್ರಿ ಯಾಕೆ? ನರ್ಸ್ ಅಂದರೆ ನರ್ಸ್. ದೊಡ್ಡವರಿಗೆ ಕೊಡೋ ಔಷಧಿಯನ್ನೇ ಸ್ವಲ್ಪ ಕಮ್ಮಿ ಕೊಡಬೇಕು, ಅಷ್ಟೇ ಅಲ್ವಾ.

ನೈಟ್ ಡ್ಯೂಟಿ:
ಆ 'ಸ್ವಲ್ಪ ಕಮ್ಮಿ'ಯಲ್ಲೇ ಎಡವಟ್ಟಾಗೋದು ಸ್ವಾಮಿ. ಜ್ವರದ ಪ್ಯಾರಾಸಿಟಮಾಲನ್ನೇ ತಗೊಳ್ಳಿ. ಕೆಜಿಗೆ 15 ಎಂಜಿ ಅಂದರೆ ಎಂಟು ಕೆಜಿ ಮಗುವಿಗೆ 120 ಎಂಜಿ. ಅಂಗಡಿಯಲ್ಲಿ 5 ಎಂಎಲ್‌ಗೆ 125 ಎಂಜಿ ಇರುವ ಸಿರಪ್ ಸಿಗುತ್ತದೆ, 250 ಇರುವುದೂ ಸಿಗುತ್ತದೆ, ಒಂದೇ ಎಂಎಲ್‌ಗೆ 100 ಎಂಜಿ ಇರುವ ಡ್ರಾಪ್ಸೂ ಇದೆ. ಪಕ್ಕದ ಮನೆಯವರು ಒಂದು ಚಮಚ ಹಾಕು ಅಂದರು ಅಂತ ಡ್ರಾಪ್ಸನ್ನು 5 ಎಂಎಲ್ ಹಾಕಿದರೆ 500 ಎಂಜಿ ಹೋಯಿತು, ನಾಲ್ಕು ಪಟ್ಟು. ಅದಕ್ಕೇ ಅಮ್ಮ ಬಾಟಲಿ ತೋರಿಸಿದಾಗ ಮೊದಲು ಲೇಬಲ್ ಓದುವುದು, ಆಮೇಲೆ ಮಗುವನ್ನು ತೂಗುವುದು, ಆಮೇಲೆ ಮಾತು.
ಉಸಿರಾಟವೂ ಹಾಗೇ. ಎರಡು ತಿಂಗಳ ಒಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಮೇಲೆ ಇದ್ದರೆ ಅಪಾಯ. ಎರಡರಿಂದ ಹನ್ನೆರಡು ತಿಂಗಳ ತನಕ 50, ಅಲ್ಲಿಂದ ಐದು ವರ್ಷದ ತನಕ 40. ಮಗು ಅಳದೆ ಇರುವಾಗ, ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವವರನ್ನು ಕಂಡರೆ ನನಗೆ ಆಗಲ್ಲ.

ತೋಟದ ಮೂಲೆ:
ಸರಿ, ಒಪ್ಪಿದೆ. ಆದರೆ ಇದನ್ನ ಇಲ್ಲಿಯ ಬಿಎಸ್ಸಿಯಲ್ಲಿ ಕಲಿಸಲ್ವಾ? ಕಲಿಸ್ತಾರೆ ಅಂದಮೇಲೆ ಹುಡುಗಿ ಇಲ್ಲೇ ಓದಲಿ. ಮುಗೀತು.

ಮಂಗಳೂರು ಹಾಸ್ಟೆಲ್:
ಕಲಿಸ್ತಾರೆ, ಪೇಪರಿನಲ್ಲಿ. ನಾನು ಈಗ ಆರನೇ ಸೆಮಿಸ್ಟರ್. ಐದರಲ್ಲಿ ಮಕ್ಕಳ ನರ್ಸಿಂಗ್ ಒಂದನೇ ಭಾಗ, ಆರರಲ್ಲಿ ಎರಡನೇ ಭಾಗ. ನವಜಾತ ಶಿಶುಗಳ ಆರೈಕೆ, ಮೇಲೆ ಹೇಳಿದ ಉಸಿರಿನ ಲೆಕ್ಕ, ಎಲ್ಲ ಸಿಲಬಸ್ಸಿನಲ್ಲಿದೆ. ಆದರೆ ವಾರ್ಡಿನಲ್ಲಿ ಕಲಿಯೋ ಪೋಸ್ಟಿಂಗಿಗೆ ಹೋದರೆ ಒಂದು ತೊಟ್ಟಿಲ ಸುತ್ತ ಬಸ್ ಸ್ಟ್ಯಾಂಡಿನ ಜನ. ಹಿಂದೆ ನಿಂತವರಿಗೆ ಮಗುವೂ ಕಾಣಲ್ಲ, ಮೇಡಂ ಹೇಳಿದ್ದೂ ಕೇಳಲ್ಲ, ಲಾಗ್‌ಬುಕ್ಕಿಗೆ ಸಹಿ ಮಾತ್ರ ಬೀಳತ್ತೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಅನ್ನುವುದು ನರ್ಸಿಂಗ್ ಕೌನ್ಸಿಲ್ ಲೆಕ್ಕ. ನಮ್ಮ ಕಾಲೇಜಲ್ಲಿ ಅದು ಉಲ್ಟಾ. ಅದಕ್ಕೇ ಹೇಳ್ತೀನಿ, ಮೂರು ವರ್ಷ ಬರೀ ಮಕ್ಕಳ ಜೊತೆ ಇರಲು ಬಿಡುವ ದೇಶ ಇದ್ದರೆ, ಕೈಯಲ್ಲಿ ದುಡ್ಡೂ ಇದ್ದರೆ, ಹೋಗಬೇಕು.

ಲೈನ್ ಮನೆ ಹತ್ತಿರ:
ಹಾಸ್ಟೆಲ್ ತಂಗಿ, ನಿನ್ನ ಸಿಟ್ಟು ನ್ಯಾಯವೇ. ಆದರೆ ಓದಿದವರು ಕೊನೆಗೆ ಎಲ್ಲಿ ಕೆಲಸ ಮಾಡ್ತಾರೆ ನೋಡು. ಕೊಡಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೂತರೆ ಬೆಳಿಗ್ಗೆ ಹೆರಿಗೆ, ಮಧ್ಯಾಹ್ನ ಹಾವು ಕಚ್ಚಿದ ಮುದುಕ, ಸಂಜೆ ಉಬ್ಬಸದ ಮಗು. ಕಾಫಿ ಕುಯ್ಲಿನ ಕಾಲದಲ್ಲಿ ಅಸ್ಸಾಂನಿಂದ ಬಂದ ಅಮ್ಮಂದಿರು ಮಕ್ಕಳನ್ನ ಎತ್ತಿಕೊಂಡು ಬರ್ತಾರೆ, ಅವರ ಭಾಷೆ ನಮಗೆ ಬರಲ್ಲ, ಬೆರಳು ಮಡಿಸಿ ಎಷ್ಟು ಸಲ ಭೇದಿ ಅಂತ ಕೇಳಬೇಕು. ಬುಡಕಟ್ಟಿನವರ ಹಾಡಿಯ ಮಗುವಿಗೆ ಕೈಕಾಲು ನೋವು, ಬಿಳಿಚಿಕೊಂಡಿದೆ ಅಂದರೆ ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆ ಸಿಕಲ್ ಸೆಲ್ ನೆನಪಾಗಬೇಕು. ಮಗುವಿಗೆ ಇದ್ದರೆ ಅಪ್ಪ ಅಮ್ಮನನ್ನೂ, ಹೊಟ್ಟೆಯಲ್ಲಿರುವ ಮುಂದಿನದ್ದನ್ನೂ ಯೋಚನೆ ಮಾಡಬೇಕು. ನಾನು ಮಕ್ಕಳ ನರ್ಸ್, ಅಮ್ಮನ ವಿಷಯ ಗೊತ್ತಿಲ್ಲ ಅಂದರೆ ಇಲ್ಲಿ ನಡೆಯಲ್ಲ. ಮೊದಲು ಎಲ್ಲ ಕಲಿಯಲಿ, ಆಮೇಲೆ ಮಕ್ಕಳ ಕಡೆ ತಿರುಗಲಿ.

ಮಂಗಳೂರು ಹಾಸ್ಟೆಲ್:
ಅಕ್ಕಾ, ಎಲ್ಲರೂ ಎಲ್ಲವನ್ನೂ ಮಾಡಬೇಕು ಅನ್ನುವುದು ಸರ್ಕಾರ ಜನ ಹಾಕದೇ ಇರುವುದಕ್ಕೆ ನಾವು ಕೊಡೋ ಸಮಾಧಾನ. ಐಸಿಯುನಲ್ಲಿ ಒಂದೂವರೆ ಕೆಜಿ ಮಗುವಿಗೆ ಡ್ರಿಪ್ ಹಾಕೋಕೆ ಆ 'ಎಲ್ಲ ಗೊತ್ತಿರುವ' ನರ್ಸಿನ ಕೈ ನಡುಗತ್ತೆ.

ಲೈನ್ ಮನೆ ಹತ್ತಿರ:
ಐಸಿಯು ಮಾತು ಬೇರೆ. ಅಲ್ಲಿಗೆ ಪರಿಣತರೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ.

ಪೊನ್ನಂಪೇಟೆ ಅಪ್ಪ:
ಜಗಳ ಚೆನ್ನಾಗಿದೆ, ಮಗಳೂ ಓದುತ್ತಿದ್ದಾಳೆ. ನನ್ನ ಪ್ರಶ್ನೆ ಬೇರೆ. ಅಲ್ಲಿ ಓದಿ ಊರಿಗೆ ವಾಪಸ್ ಬರ್ತೀನಿ ಅಂದರೆ?

ನೈಟ್ ಡ್ಯೂಟಿ:
ಅಲ್ಲೇ ಇರುವುದು ಸಿಕ್ಕು. ಹೊರದೇಶದ ಡಿಗ್ರಿಗೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಒಪ್ಪಿಗೆ ಬೇಕು, ಆಮೇಲೆ ರಾಜ್ಯದ ಕೌನ್ಸಿಲಿನಲ್ಲಿ ರಿಜಿಸ್ಟ್ರೇಷನ್. ಇಲ್ಲಿಯ ಬಿಎಸ್ಸಿಯಲ್ಲಿ ಹೆರಿಗೆ ವಿಷಯವೂ ಸೇರಿದೆ, ಅಲ್ಲಿ ಅದು ಬೇರೆಯೇ ಡಿಗ್ರಿ. ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮೊದಲು ಕೌನ್ಸಿಲಿಗೇ ಬರೆದು ಉತ್ತರ ತರಿಸಿಕೊಳ್ಳಿ, ಏಜೆಂಟ್ ಬಾಯಿಮಾತು ನಂಬಬೇಡಿ.
ಇಲ್ಲಿಯ ದಾರಿ ಉದ್ದ, ಆದರೆ ಬಾಗಿಲು ಮುಚ್ಚಲ್ಲ. ಬಿಎಸ್ಸಿ ಸರ್ಕಾರಿ ಕೋಟಾ ಸೀಟಿಗೆ ರಾಜ್ಯದ ಪ್ರವೇಶ ಪರೀಕ್ಷೆ, ಕೆಇಎ ಸಿಇಟಿ. ಮುಗಿಸಿ ಒಂದು ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ, ಆಮೇಲೆ ಎರಡು ವರ್ಷದ ಎಂಎಸ್ಸಿ, ಮಕ್ಕಳ ನರ್ಸಿಂಗಿನಲ್ಲೇ. ಎಂಎಸ್ಸಿ ಬೇಡ ಅಂದರೆ ನವಜಾತ ಶಿಶುಗಳ ಮೇಲೆ ಒಂದು ವರ್ಷದ ಡಿಪ್ಲೊಮಾ ಇದೆ, ಐಸಿಯು ಕೆಲಸಕ್ಕೆ ಅದು ನನಗೆ ಜಾಸ್ತಿ ಇಷ್ಟ.

ತೋಟದ ಮೂಲೆ:
ನಾಲ್ಕು, ಒಂದು, ಎರಡು. ಏಳು ವರ್ಷ! ಅಷ್ಟರಲ್ಲಿ ಹೊಸ ಕಾಫಿ ಗಿಡ ಎರಡು ಮೂರು ಫಸಲು ಕೊಟ್ಟಿರತ್ತೆ.

ನೈಟ್ ಡ್ಯೂಟಿ:
ಐದನೇ ವರ್ಷ ಸಂಬಳ ಬರತ್ತಲ್ಲ ಮಾರಾಯ್ರೆ. ಲೆಕ್ಕ ಸರಿಯಾಗಿ ಹಾಕಿ.

ಮಂಗಳೂರು ಹಾಸ್ಟೆಲ್:
ಇಲ್ಲೇ ಅಂತ ತೀರ್ಮಾನ ಆದರೆ ಒಂದು ಮಾತು ಕೇಳಿ. ಬಿಲ್ಡಿಂಗು, ಹಾಸ್ಟೆಲ್ ಊಟ ನೋಡಿ ಸೀಟು ತಗೋಬೇಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಮಕ್ಕಳ ವಾರ್ಡಿನಲ್ಲಿ ಇವತ್ತು ಎಷ್ಟು ಮಕ್ಕಳಿದ್ದಾರೆ, ಒಂದು ಬ್ಯಾಚಿನಲ್ಲಿ ಎಷ್ಟು ಜನ ಪೋಸ್ಟಿಂಗಿಗೆ ಹೋಗ್ತಾರೆ ಅಂತ ಕೇಳಿ. ಆಫೀಸಿನಲ್ಲಿ ಅಲ್ಲ, ಮೂರನೇ ವರ್ಷದ ಹುಡುಗಿಯರನ್ನ ಕ್ಯಾಂಟೀನಿನಲ್ಲಿ ಹಿಡಿದು ಕೇಳಿ. ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಪೊನ್ನಂಪೇಟೆ ಅಪ್ಪ:
ಏಜೆಂಟಿಗೆ ಈಗಷ್ಟೇ ಫೋನ್ ಮಾಡಿ, ವಾಪಸ್ ಬಂದರೆ ಇಲ್ಲಿ ರಿಜಿಸ್ಟ್ರೇಷನ್ ಆಗತ್ತೆ ಅಂತ ಬರೆದು ಕೊಡ್ತೀರಾ ಅಂದೆ. ನಾಳೆ ಹೇಳ್ತೀನಿ ಅಂದ. ಸಿಇಟಿ ಕಾಗದಪತ್ರ ಹೇಗೂ ರೆಡಿ ಮಾಡಿಸ್ತಿದ್ದೀನಿ.