ಪಿಕಪ್ ಗಾಡಿಗೆ ಆಕ್ಸಿಜನ್ ಸೆನ್ಸರ್ ಯಾವ್ದು ಹಾಕಿಸ್ಲಿ? ಹಾಕ್ಸಿದೋರು ಹೇಳ್ರಿ

ಕಾರಟಗಿಯಿಂದ (ಕೇಳಿದವರು):

ಎಲ್ಲಾರಿಗೂ ನಮಸ್ಕಾರ್ರಿ. ನಂದು 2020ರ ಬಿಎಸ್6 ಪೆಟ್ರೋಲ್ ಪಿಕಪ್, ನಾಲ್ಕು ಸಿಲಿಂಡರ್ ಇಂಜಿನ್, 1 ಲಕ್ಷ 12 ಸಾವಿರ ಕಿಲೋಮೀಟರ್ ಓಡೈತಿ. ಅಕ್ಕಿ ಚೀಲ ಗಂಗಾವತಿ, ಸಿಂಧನೂರು, ರಾಯಚೂರು ಕಡೆ ಹೊಡೀತೀನಿ. ಒಂದು ತಿಂಗಳಾತು ಚೆಕ್ ಲೈಟ್ ಹತ್ತಿದ್ದು ಆರವಲ್ದು, ಮೊದ್ಲು ಲೀಟರಿಗೆ 15 ಕೊಡ್ತಿತ್ತು, ಈಗ 12ಕ್ಕ ಇಳದೈತಿ. ಸ್ಕ್ಯಾನ್ ಮಾಡ್ಸಿದ್ರ ಪಿ0133, ಪಿ0141 ಅಂತ ಎರಡು ಕೋಡ್ ಬಂದಾವ. ಗ್ಯಾರೇಜಿನವ್ರು ಎರಡೂ ಸೆನ್ಸರ್ ಬದಲಿ ಮಾಡ್ಬೇಕು ಅಂತಾರ. ಅಂಗಡ್ಯಾಗ ಕೇಳಿದ್ರ ನಾಲ್ಕು ಥರ ತೋರ್ಸಿದ್ರು. ಗಾಡಿ ಕಂಪನಿ ಡಬ್ಬಿದು ಒಂದು, ಸೆನ್ಸರ್ ಕಂಪನಿ ಡಬ್ಬಿದು ಒಂದು, ವೈರ್ ಕತ್ತರಿಸಿ ಜೋಡಿಸೋ ಯೂನಿವರ್ಸಲ್ ಒಂದು, ಹೆಸರೇ ಇಲ್ಲದ್ದು ಒಂದು. ರೇಟ್ ನೋಡಿದ್ರ ಆಕಾಶ ಭೂಮಿ ಫರಕ್ ಐತಿ. ಗಾಡಿ ಕಂತು ಇನ್ನೂ ಮುಗ್ದಿಲ್ರಿ, ಎರಡೂ ಒರಿಜಿನಲ್ ಅಂದ್ರ ಭಾರಿ ಆಗ್ತೈತಿ. ಹಾಕಿಸಿ ಅನುಭವ ಇದ್ದೋರು ದಯವಿಟ್ಟು ತಿಳಸ್ರಿ.

ಸಿರುಗುಪ್ಪದಿಂದ:

ಅಣ್ಣಾ, ಹೆಸರಿಲ್ಲದ್ದು ಮಾತ್ರ ತಗೋಬ್ಯಾಡ. ಹೋದ ವರ್ಷ ಒಂಬೈನೂರಕ್ಕೆ ಸಿಕ್ತು ಅಂತ ಮುಂದಿನ ಸೆನ್ಸರ್ ಅದನ್ನೇ ಹಾಕ್ಸಿದ್ದೆ, ಲೈಟ್ ಆರ್ತು, ಸಾಕಪ್ಪ ಅಂತ ಸುಮ್ನಾದೆ, ಭತ್ತದ ಸೀಸನ್ ಮುಗಿಯೋದ್ರೊಳಗೆ ಮತ್ತೆ ಹತ್ಕೊಂತು, ಈ ಸಲ ಹೀಟರ್ ಕೋಡ್. ಕೊನೆಗೆ ಒಳ್ಳೇದು ತಗೊಂಡು ಹಾಕ್ಸೋದೇ ಆಯ್ತು, ಮಜೂರಿ ಎರಡು ಸಲ ಕೊಟ್ಟಂಗಾಯ್ತು, ಬಾಡಿಗೆ ಬೇರೆ ಎರಡು ದಿನ ಹೋಯ್ತು.

ಬಳ್ಳಾರಿಯಿಂದ (ಆಟೋ ಎಲೆಕ್ಟ್ರಿಷಿಯನ್):

ಕಾರಟಗಿ ಅಣ್ಣಾ, ಯಾವ ಡಬ್ಬಿ ಅನ್ನೋದು ಆಮೇಲೆ ನೋಡಾಣ, ಮೊದ್ಲು ನಿಮ್ಮ ಎರಡು ಕೋಡ್ ಏನ್ ಹೇಳ್ತಾವೆ ಅಂತ ತಿಳ್ಕೊಳ್ರಿ. ನಿಮ್ಮ ಗಾಡಿಗೆ ಸೆನ್ಸರ್ ಎರಡು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದೆ, ಇಂಜಿನ್ ಹತ್ರ ಇರೋದು ಒಂದನೇ ಸೆನ್ಸರ್, ಕನ್ವರ್ಟರ್ ದಾಟಿ ಹಿಂದೆ ಇರೋದು ಎರಡನೇದು. ಪಿ0133 ಅಂದ್ರೆ ಮುಂದಿನದು ನಿಧಾನ ಆಗೈತೆ ಅಂತ. ಪಿ0141 ಅಂದ್ರೆ ಹಿಂದಿನದ್ರ ಹೀಟರ್ ಲೈನಿನಾಗೆ ತೊಂದ್ರೆ ಅಂತ. ಎರಡೂ ಬೇರೆ ಬೇರೆ ರೋಗ, ಒಂದೇ ಔಷಧಿ ಹಾಕಕ್ಕಾಗಲ್ಲ.

ಈ ಸೆನ್ಸರ್ ಒಳಗೆ ಝಿರ್ಕೋನಿಯಾ ಅನ್ನೋ ಪಿಂಗಾಣಿ ಥರದ ತುಂಡು ಇರ್ತೈತೆ. ಅದು 300 ಡಿಗ್ರಿ ಮೇಲೆ ಕಾದ್ರೇನೇ ಕೆಲ್ಸ ಮಾಡೋದು, ಬೇಗ ಕಾಯ್ಲಿ ಅಂತ್ಲೇ ಒಳಗೆ ಹೀಟರ್ ಕೊಟ್ಟಿರೋದು. ಹೊಗೆಯೊಳಗಿರೋ ಆಕ್ಸಿಜನ್ನು, ಹೊರಗಿನ ಗಾಳಿಯೊಳಗಿರೋ ಆಕ್ಸಿಜನ್ನು ತಾಳೆ ನೋಡಿ ವೋಲ್ಟೇಜ್ ಕೊಡ್ತೈತೆ. ಪೆಟ್ರೋಲ್ ಜಾಸ್ತಿ ಆದ್ರೆ 0.9 ವೋಲ್ಟ್ ಹತ್ರ, ಕಮ್ಮಿ ಆದ್ರೆ 0.1 ಹತ್ರ. ಇಸಿಎಂ, ಅಂದ್ರೆ ಇಂಜಿನ್ ಕಂಪ್ಯೂಟರ್, ಅದನ್ನ ನೋಡ್ಕೊಂಡು ಪೆಟ್ರೋಲ್ ಹೆಚ್ಚು ಕಡಿಮೆ ಮಾಡ್ತಾ ಇರ್ತೈತೆ. ಅದಕ್ಕೆ ಮೈಲೇಜು ಮುಖ್ಯವಾಗಿ ಮುಂದಿನ ಸೆನ್ಸರ್ ಕೈಯಾಗೆ. ಹಿಂದಿನದು ಕನ್ವರ್ಟರ್ ಕೆಲ್ಸ ಮಾಡ್ತೈತೋ ಇಲ್ಲೋ ಅಂತ ಕಾವಲು ಕಾಯೋದು. ಮೈಲೇಜ್ ಬರ್ತಿಲ್ಲ ಅಂತ ಹಿಂದಿನದನ್ನ ಬದಲಾಯಿಸಿ ದುಡ್ಡು ಕಳ್ಕೊಂಡೋರನ್ನ ನಾನು ಬಾಳ ಮಂದಿನ್ನ ನೋಡೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಈಗ ಹಿಂದಿನದಕ್ಕೆ ಮೊದ್ಲು ಫ್ಯೂಸ್ ನೋಡ್ರಿ, ಆಮೇಲೆ ಗಾಡಿ ಕೆಳಗೆ ಮಲಗಿ ಸೆನ್ಸರ್ ವೈರ್ ಕಪ್ಲರ್ (ವೈರ್ ಸೇರಿಸೋ ಕನೆಕ್ಟರ್) ತನಕ ಕೈಯಾಡಿಸ್ಕೊಂಡು ಬರ್ರಿ. ಅಕ್ಕಿ ಮಿಲ್ಲಿನಾಗೆ ರಾತ್ರಿ ನಿಲ್ಲೋ ಗಾಡಿಗಳಿಗೆ ಇಲಿ ವೈರ್ ಕಡಿಯೋದು ಮಾಮೂಲು. ಮೀಟರ್ ಇದ್ರೆ ಕಪ್ಲರ್ ಬಿಚ್ಚಿ ಸೆನ್ಸರ್ ಕಡೆ ಒಂದೇ ಬಣ್ಣದ ಎರಡು ವೈರ್ ಇರ್ತಾವೆ, ಅವೇ ಹೀಟರ್, ಅವುಗಳ ನಡುವೆ ಓಮ್ ನೋಡ್ರಿ, ಗಾಡಿ ಮೇಲೆ ಹೆಚ್ಚು ಕಡಿಮೆ ಆಗ್ತೈತೆ ಆದ್ರೆ ಕೆಲವೇ ಓಮ್ ತೋರಿಸ್ಬೇಕು, ಏನೂ ತೋರಿಸ್ಲಿಲ್ಲ ಅಂದ್ರೆ ಮಾತ್ರ ಹೀಟರ್ ಹೋಗೈತೆ ಅನ್ರಿ.

ಮುಂದಿನದಕ್ಕೆ ಸೈಲೆನ್ಸರ್ ಲೀಕ್ ಚೆಕ್ ಮಾಡ್ರಿ. ಇಂಜಿನ್ ತಣ್ಣಗಿದ್ದಾಗ ಮ್ಯಾನಿಫೋಲ್ಡ್ (ಇಂಜಿನ್ನಿಂದ ಹೊಗೆ ಹೊರಗೆ ಬರೋ ಪೈಪು) ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿದ್ರೆ ಲೀಕ್ ಇದ್ದ ಕಡೆ ಗುಳ್ಳೆ ಏಳ್ತಾವೆ. ಅಲ್ಲಿಂದ ಗಾಳಿ ಎಳ್ಕೊಂಡ್ರೆ ಸೆನ್ಸರ್ ಚೆನ್ನಾಗಿದ್ರೂ ತಪ್ಪು ಲೆಕ್ಕ ಕೊಡ್ತೈತೆ. ಲೀಕ್ ಇಲ್ಲಾಂದ್ರೆ ಇಂಜಿನ್ ಚೆನ್ನಾಗಿ ಕಾದ ಮೇಲೆ ಸ್ಕ್ಯಾನರಿನಾಗೆ ಲೈವ್ ಡೇಟಾ ಹಾಕಿ ಗ್ರಾಫ್ ನೋಡ್ರಿ. ಒಂದನೇ ಸೆನ್ಸರ್ 0.1ರಿಂದ 0.9ಕ್ಕೆ ಚಕಚಕ ಅಂತ ಮೇಲೆ ಕೆಳಗೆ ಆಡ್ತಿರಬೇಕು. ಸೋಮಾರಿ ಥರ ಏಳ್ತೈತೆ ಅಂದ್ರೆ ಅದು ವಯಸ್ಸಾದ ಸೆನ್ಸರ್. ಕೆಲವು ಗಾಡಿಗೆ ಮುಂದೆ ವೈಡ್‌ಬ್ಯಾಂಡ್ ಅನ್ನೋ ಬೇರೆ ಥರದ ಸೆನ್ಸರ್ ಇರ್ತೈತೆ, ಅದಕ್ಕೆ ಈ ವೋಲ್ಟೇಜ್ ಲೆಕ್ಕ ಹೊಂದಲ್ಲ, ಅದರ ಜಾಗಕ್ಕೆ ಸಾದಾ ಸೆನ್ಸರ್ ಹಾಕಕ್ಕೂ ಬರಲ್ಲ, ಕಪ್ಲರ್ ಕೂತ್ರೂ ಹಾಕಬಾರದು.

ಈಗ ಖರೀದಿ. ಹಳೇ ಸೆನ್ಸರ್ ಮೈಮೇಲೋ ಕಪ್ಲರ್ ಹತ್ರಾನೋ ನಂಬರ್ ಇರ್ತೈತೆ, ಬಟ್ಟೆಯಿಂದ ಒರಸಿ ಮೊಬೈಲಿನಾಗೆ ಫೋಟೋ ಹೊಡ್ಕೊಳ್ರಿ. ಅದನ್ನ ಮಾಡಿದೋರು ಹೆಚ್ಚಾಗಿ ಬಾಷ್, ಡೆನ್ಸೋ, ಎನ್‌ಟಿಕೆ ಈ ಮೂವರಲ್ಲಿ ಒಬ್ರು ಆಗಿರ್ತಾರೆ. ಗಾಡಿ ಕಂಪನಿ ಡಬ್ಬಿಯಾಗೆ ಬರೋದೂ ಇಂಥೋರು ಮಾಡಿದ್ದೇ. ಅದೇ ತಯಾರಕರ ಸ್ವಂತ ಡಬ್ಬಿಯಾಗೆ, ನಿಮ್ಮ ಗಾಡಿ ಮಾಡೆಲ್ಲಿಗೆ ಅಂತ ಅವರ ಕ್ಯಾಟಲಾಗಿನಾಗೆ ಇರೋ ನಂಬರು ಸಿಕ್ರೆ ಅದನ್ನೇ ತಗೊಳ್ರಿ, ಸ್ವಲ್ಪ ಕಮ್ಮಿಗೆ ಸಿಗ್ತೈತೆ, ಕೆಲ್ಸದಾಗೆ ಫರಕ್ ಇರಲ್ಲ. ಅಂಗಡಿಯೋನು ಕಪ್ಲರ್ ತೋರಿಸಿ ಇದೇ ಕೂರ್ತೈತೆ ಅಂದ್ರೆ ಒಪ್ಪಬ್ಯಾಡ್ರಿ, ಥ್ರೆಡ್ ಅಂತೂ ಬಾಳ ಸೆನ್ಸರಿಗೆ 18 ಎಂಎಂ ಒಂದೇ ಇರ್ತೈತೆ, ಎಲ್ಲಾ ಎಲ್ಲದಕ್ಕೂ ಕೂರ್ತಾವೆ, ಒಳಗಿನ ಹೀಟರ್ರು, ವೈರ್ ಉದ್ದ ಬೇರೆ ಇರ್ತಾವೆ. ದೊಡ್ಡ ಹೆಸರಿನ ಡೂಪ್ಲಿಕೇಟೂ ಬರ್ತಾವೆ, ಅದಕ್ಕೆ ಬಿಲ್ ಕೊಡೋ ಕಡೆ ತಗೊಳ್ರಿ. ಒಂದೇ ತಗೊಳ್ಳೋವಷ್ಟು ದುಡ್ಡಿದ್ರೆ ಮುಂದಿನದು ಒಳ್ಳೇದು ತಗೊಳ್ರಿ, ಹಿಂದಿನದು ಎರಡು ತಿಂಗಳು ತಡ ಆದ್ರೆ ಇಂಜಿನ್ ಏನೂ ಕೆಡಲ್ಲ.

ರಾಯಚೂರಿಂದ:

ಬಳ್ಳಾರಿ ಅಣ್ಣಾರು ಹೇಳಿದ್ದು ಸರಿ ಅದ. ಯೂನಿವರ್ಸಲ್ ಬಗ್ಗೆ ನನ್ನ ಅನುಭವ ಹೇಳ್ತೀನಿ, ಬಣ್ಣಕ್ಕ ಬಣ್ಣ ಜೋಡಸಬ್ಯಾಡ್ರಿ. ಬಾಷ್, ಎನ್‌ಟಿಕೆ ಸೆನ್ಸರಿಗೆ ಸಾಮಾನ್ಯ ಎರಡು ಬಿಳಿ ವೈರ್ ಹೀಟರ್, ಕರಿದು ಸಿಗ್ನಲ್, ಬೂದಿ ಬಣ್ಣದ್ದು ಗ್ರೌಂಡ್. ಡೆನ್ಸೋದಾಗ ಎರಡು ಕರಿ ವೈರ್ ಹೀಟರ್, ನೀಲಿ ಸಿಗ್ನಲ್, ಬಿಳಿದು ಗ್ರೌಂಡ್. ನಮ್ಮ ಗಾಡಿಗೆ ಹಳೇದು ಒಂದು ಥರ, ಹೊಸಾದು ಇನ್ನೊಂದು ಥರ ಇತ್ತು, ಹುಡುಗ ಕರಿಗೆ ಕರಿ ಬಿಳಿಗೆ ಬಿಳಿ ಸೇರಿಸಿಬಿಟ್ಟ, ಹೊಸಾ ಸೆನ್ಸರ್ ಅವತ್ತೇ ಹೋತು. ಇನ್ನೊಂದು, ಜೋಡಣಿ ಬೆಸುಗಿ ಹಾಕಬಾರದು, ಕ್ರಿಂಪ್ ಮಾಡ್ಬೇಕು (ಲೋಹದ ತುಂಡು ಒತ್ತಿ ಹಿಡಸೋದು), ಯಾಕಂದ್ರ ಬಾಳ ಸೆನ್ಸರ್ ಹೊರಗಿನ ಗಾಳಿ ಎಳ್ಕೊಳ್ಳೋದು ವೈರಿನ ಎಳಿ ನಡುವಿನ ಸಂದಿಲಿಂದನ. ಕಪ್ಲರ್‌ಗೆ ಗ್ರೀಸ್ ತುಂಬೋದು, ಕ್ಲೀನರ್ ಸ್ಪ್ರೇ ಹೊಡಿಯೋದು ಸಹ ಅದಕ್ಕ ಬ್ಯಾಡ. ರೆಡಿ ಕಪ್ಲರ್ ಇರೋದು ಸಿಕ್ರ ನಾಲ್ಕು ದುಡ್ಡು ಹೆಚ್ಚಾದ್ರೂ ಅದನ್ನ ತಗೊಳ್ರಿ.

ಕುಷ್ಟಗಿಯಿಂದ:

ಬಿಚ್ಚೋ ಕೆಲಸ ನಾನ ಮಾಡ್ಕೊಂಡೀನ್ರಿ. 22 ನಂಬರ್ ಪಾನಾ, ಆದ್ರ ವೈರ್ ಹೋಗಾಕ ಸಂದಿ ಇರೋ ಸಾಕೆಟ್ ಸಿಕ್ರ ಚಲೋ, ಪಾನಾ ಜಾರಿದ್ರ ಮೂಲಿ ಉರುಟಾಗ್ತಾವ. ಹಿಂದಿನ ರಾತ್ರಿ ಡಬ್ಲ್ಯೂಡಿ-40 (ತುಕ್ಕು ಬಿಡಿಸೋ ಸ್ಪ್ರೇ) ಹೊಡದು ಬಿಟ್ಟಿದ್ದೆ, ಬೆಳಿಗ್ಗೆ ಇಂಜಿನ್ ಸ್ವಲ್ಪ ಬೆಚ್ಚಗಾದ ಮ್ಯಾಲೆ ತಿರುವಿದೆ, ಮೊದ್ಲು ಕಿರ್ ಅಂತು, ಹಿಂದಕ ಮುಂದಕ ಎರಡು ಸಲ ಆಡ್ಸಿ ತಗದೆ. ಹೊಸಾದ್ರ ಥ್ರೆಡ್ಡಿಗೆ ಪೇಸ್ಟ್ ಕಂಪನಿಯವ್ರ ಹಚ್ಚಿರ್ತಾರ, ಅದರ ತುದಿಗೆ ಮಾತ್ರ ಕೈಯಾಗಲಿ ಎಣ್ಣಿಯಾಗಲಿ ತಾಗಸಬ್ಯಾಡ್ರಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹಾಕೋವಾಗ ಸಿಕ್ಕ ಸಿಕ್ಕ ಸಿಲಿಕೋನ್ ಪೇಸ್ಟ್ ಬಳಿಯೋರು ಅದಾರ, ಸೆನ್ಸರಿಗೆ ಅದು ವಿಷ ಇದ್ದಂಗ. ಮತ್ತ ಲೋಡ್ ಇಳಿಸಿ ಬಂದ ಕೂಡ್ಲೇ ಕಾದ ಗಾಡಿಗೆ ಕೆಳಗಿಂದ ಪ್ರೆಶರ್ ನೀರು ಹೊಡಸಬ್ಯಾಡ್ರಿ, ಒಳಗಿನ ಪಿಂಗಾಣಿ ಸೀಳ್ತೈತಿ, ನಂದು ಹಂಗ ಹೋಗಿದ್ದು ಅಂತ ನನಗ ಅನುಮಾನ.

ಮಾನ್ವಿಯಿಂದ:

ನಂದು ಡೀಸೆಲ್ ಬಿಎಸ್6 ಪಿಕಪ್ ಅದ, ನಾಕ್ಸ್ ಸೆನ್ಸರ್ ಅಂತ ಕೋಡ್ ಬಂದದ, ಅದಕ್ಕೂ ಇದೇನಾ ಹಾಕ್ಸೋದು?

ಬಳ್ಳಾರಿಯಿಂದ (ಆಟೋ ಎಲೆಕ್ಟ್ರಿಷಿಯನ್):

ಇಲ್ರಿ, ಅದು ಬೇರೇನೇ ಸೆನ್ಸರ್, ಹೊಗೆಯೊಳಗಿನ ನೈಟ್ರೋಜನ್ ಆಕ್ಸೈಡ್ ಅಳೆಯೋದು, ರೇಟೂ ಬೇರೆ. ಆಕ್ಸಿಜನ್ ಸೆನ್ಸರ್ ಅದರ ಜಾಗಕ್ಕೆ ಆಗಲ್ಲ. ನೀವು ಬೇರೆಯಾಗಿ ಕೋಡ್ ನಂಬರ್ ಹಾಕಿ ಕೇಳ್ರಿ, ಹೇಳ್ತೀನಿ.

ಕಾರಟಗಿಯಿಂದ (ಕೇಳಿದವರು), ಹತ್ತು ದಿನ ಆದ ಮೇಲೆ:

ಎಲ್ಲಾರಿಗೂ ಬಾಳ ಉಪಕಾರ ಆತ್ರಿ. ಗಾಡಿ ಕೆಳಗ ಮಲಗಿ ಹಿಂದಿನ ಸೆನ್ಸರ್ ವೈರ್ ಹಿಡ್ಕೊಂಡು ಬಂದ್ರ ಚಾಸಿ ಕ್ಲಿಪ್ಪಿನ ಹತ್ರ ಒಂದು ವೈರ್ ಕಡದೈತಿ, ಒಳಗಿನ ತಾಮ್ರದ ಎಳಿ ಹಸಿರಾಗಿ ಕಾಣಸ್ತಿದ್ವು, ಬಾಜೂನ ಇಲಿ ಹಿಕ್ಕಿನೂ ಇತ್ತು. ಕ್ರಿಂಪ್ ಮಾಡಿ ಸ್ಲೀವ್ ಹಾಕ್ಸಿದೆ, ಪಿ0141 ಹೋತು, ಹಿಂದಿನ ಸೆನ್ಸರ್ ದುಡ್ಡು ಪೂರಾ ಉಳೀತು. ಗ್ಯಾರೇಜಿನವ್ರ ಮಾತು ಕೇಳಿದ್ರ ಅದನ್ನೂ ಹಾಕಸ್ತಿದ್ದೆ. ಮುಂದಿನದು ಸೋಪಿನ ನೀರಿಗೆ ಗುಳ್ಳಿ ಬರ್ಲಿಲ್ಲ, ಗ್ರಾಫ್ ಮಾತ್ರ ನೀವು ಹೇಳಿದಂಗ ಮಲಕೊಂಡಿತ್ತು. ನಂಬರ್ ಫೋಟೋ ತೋರ್ಸಿ ಅದೇ ತಯಾರಕರ ಡಬ್ಬಿದು ತರಿಸಿದೆ, ಬರಾಕ ಮೂರು ದಿನ ಹಿಡೀತು, ಬಿಲ್ ಇಸ್ಕೊಂಡೀನಿ. ಈಗ ಗ್ರಾಫ್ ಚಕಚಕ ಆಡ್ತೈತಿ, ಮೊದಲ ಟ್ಯಾಂಕ್ ಲೀಟರಿಗೆ 14 ಬಂತು. ಒಂದು ಕೇಳೋದಿತ್ತು, ಹಳೇ ಸೆನ್ಸರ್ ತುದಿ ಕೈಗೆ ಹತ್ತೋ ಹಂಗ ಒಣ ಕರಿ ಮಸಿ ಹಿಡದಿತ್ತು, ಅದಕ್ಕ ಏನರ ಮಾಡ್ಬೇಕಾ?

ಬಳ್ಳಾರಿಯಿಂದ (ಆಟೋ ಎಲೆಕ್ಟ್ರಿಷಿಯನ್):

ಒಣ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ ಉರೀತಿತ್ತು ಅಂತ. ಬಿಳಿ ಪುಡಿ ಇದ್ದಿದ್ರೆ ಕೂಲೆಂಟೋ ಸಿಲಿಕೋನೋ, ಎಣ್ಣೆ ಜಿಡ್ಡಿನ ಕಪ್ಪು ಇದ್ದಿದ್ರೆ ಆಯಿಲ್ ಉರಿಯೋದು ಅಂತ ನಾನು ಹೆದರ್ತಿದ್ದೆ. ಹಳೇ ಸೆನ್ಸರ್ ನಿಧಾನ ಆಗಿದ್ದಕ್ಕೇ ಮಸಿ ಬಂದಿರಬಹುದು, ಆದ್ರೂ ಒಂದ್ಸಲ ಏರ್ ಫಿಲ್ಟರ್, ಪ್ಲಗ್ ತೆಗೆದು ನೋಡಿಬಿಡ್ರಿ, ಇಲ್ಲಾಂದ್ರೆ ಹೊಸಾದ್ರ ಮೇಲೂ ಅದೇ ಕೂರ್ತೈತೆ.

ಕಾರಟಗಿಯಿಂದ (ಕೇಳಿದವರು):

ಈಗ ತಗದು ನೋಡಿದೆ ಅಣ್ಣಾ. ಪ್ಲಗ್ ಪರವಾಗಿಲ್ಲ. ಫಿಲ್ಟರ್ ನೆಲಕ್ಕ ಬಡದ್ರ ಅರ್ಧ ಬೊಗಸಿ ತೌಡಿನ ಧೂಳು ಬಿತ್ತು, ಮಿಲ್ಲಿನ್ಯಾಗ ತುಂಬಸೋ ಹೊತ್ತಿಗೆ ಇಂಜಿನ್ ಚಾಲೂ ಇಟ್ಟಿರ್ತೀನಲ್ಲ, ಅದು. ಹೊಸಾದು ಹಾಕೀನಿ. ಇನ್ನೆರಡು ಟ್ಯಾಂಕ್ ಓಡ್ಸಿ ಮೈಲೇಜ್ ಎಷ್ಟು ಬಂತು ಅಂತ ಇಲ್ಲೇ ಬರೀತೀನ್ರಿ.