2ರ 67ನೇ ಘಾತದಾಗ 1 ಕಳದ್ರ ಶೇಷ ತಪ್ಪು ಬರಲಾಕತ್ತದ, ಯಾಕ್ರೀ?

ವಿಜಯಪುರ_ಬಿಎಸ್ಸಿ:
ವಿಜ್ಞಾನ ದಿನಕ್ಕ ಮರ್ಸೆನ್ ಸಂಖ್ಯೆ (2ರ ಘಾತದಾಗ 1 ಕಳದ್ರ ಬರೋ ಸಂಖ್ಯೆ) ಮ್ಯಾಲ ಚಾರ್ಟ್ ಮಾಡಲಾಕತ್ತೀನ್ರಿ. 2ರ 67ನೇ ಘಾತದಾಗ 1 ಕಳದ್ರ ಬರೋದು 193707721 × 761838257287 ಅಂತ ಪುಸ್ತಕದಾಗ ಅದ. ಪೈಥಾನ್‌ದಾಗ ಮ್ಯಾಥ್ ಮಾಡ್ಯೂಲಿನ ಪೌ (ಘಾತ ತಗಿಯೋ ಫಂಕ್ಷನ್) ಹಾಕಿ, 1 ಕಳದು, ಮೊದಲನೇದರಿಂದ ಭಾಗಿಸಿದ್ರ ಶೇಷ 1.0 ಉಳೀತದ. ಎಕ್ಸೆಲ್‌ದಾಗ ಎರಡೂ ಗುಣಿಸಿದ್ರ 147573952589676000000. ಬೆಸಕ್ಕ ಬೆಸ ಗುಣಿಸಿದ್ರ ಕೊನಿಗೆ ಸೊನ್ನಿ ಹ್ಯಾಂಗ ಬರ್ತದ್ರೀ? ಪುಸ್ತಕ ಸುಳ್ಳೇನು?

ಬೆಳಗಾವಿ_ಕೋಡರ್:
ಪುಸ್ತಕ ಬರೋಬ್ಬರಿ ಐತಿ ತಮ್ಮಾ. ಉತ್ತರದಾಗ ‘.0’ ಕಂಡಾಗನ ಸಂಶಯ ಬರಬೇಕು. ಆ ಪೌ ಫಂಕ್ಷನ್ ದಶಮಾಂಶದ ಸಂಖ್ಯೆ, ಅಂದ್ರ ಫ್ಲೋಟ್ ಕೊಡತೈತಿ. ಫ್ಲೋಟಿಗೆ 53 ಬಿಟ್ ಅಷ್ಟ ಜಾಗಾ. 9007199254740992 ದಾಟಿದ ಮ್ಯಾಲ ಎಲ್ಲಾ ಪೂರ್ಣಾಂಕ ಅದರಾಗ ಕುಂದ್ರೂದಿಲ್ಲ. 2ರ 67ನೇ ಘಾತದ ಹಿಂದಿನ ಫ್ಲೋಟ್ 16384 ದೂರ ಐತಿ, ನೀ ಕಳದ ಒಂದು ಅಲ್ಲೇ ಮಾಯ! ಅಂದ್ರ ನೀ ಭಾಗಿಸಿದ್ದು 2ರ 67ನೇ ಘಾತಾನ, ಅದಕ್ಕ ಶೇಷ 1 ಬಂದದ್ದು ಸರೀನ ಐತಿ. ಎಕ್ಸೆಲ್ ಅಂತೂ 15 ಅಂಕಿ ತೋರಿಸಿ ಮುಂದ ಸೊನ್ನಿ ತುಂಬತೈತಿ.

ಪೌ ತಗದು ಹಿಂಗ ಬರಿ:
(2**67 - 1) % 193707721
ಪೈಥಾನಿನ ಪೂರ್ಣಾಂಕಕ್ಕ ಇಂಥ ಮಿತಿ ಇಲ್ಲ. 0 ಬರತೈತಿ.

ವಿಜಯಪುರ_ಬಿಎಸ್ಸಿ:
ಬಂತ್ರೀ ಅಣ್ಣಾ! ಪೂರ್ತಿ ಸಂಖ್ಯೆ 147573952589676412927. ಆದ್ರ ಅಪವರ್ತನ ನಾನಾ ಹುಡುಕಬೇಕಂತ 3ರಿಂದ ಎಲ್ಲಾ ಬೆಸ ಸಂಖ್ಯೆ ಹಾಕೀನಿ, ಹಳೇ ಲ್ಯಾಪ್‌ಟಾಪ್, ಮುಗೀವಲ್ದು.

ಬಾಗಲಕೋಟೆ_ಗಣಿತ_ಮಾಸ್ತರ:
ಎಲ್ಲಾ ಬೆಸ ಯಾಕೋ? 67 ಅವಿಭಾಜ್ಯ. ಇದನ್ನ ಭಾಗಿಸೋ ಅವಿಭಾಜ್ಯ ಕ್ಯೂ ಅಂತಿಟ್ಕೋ. ಫರ್ಮಾನ ಸಣ್ಣ ಪ್ರಮೇಯದ ಪ್ರಕಾರ ಕ್ಯೂದಾಗ 1 ಕಳದ್ರ 67ರಿಂದ ಭಾಗ ಹೋಗಲೇಬೇಕು. ಕ್ಯೂ ಬೆಸ, ಹಂಗಾಗಿ 134ರಿಂದನೂ ಹೋಗಬೇಕು. 135, 269, 403 ಹಿಂಗ 134ರಂಗ ಜಿಗಿ. ಅದರಾಗೂ 8ರಿಂದ ಭಾಗಿಸಿದಾಗ 1 ಇಲ್ಲಾ 7 ಉಳಿಯೋವಷ್ಟ ಸಾಕು, ಅರ್ಧ ಕೆಲಸ ಉಳೀತು. ಒಂಬತ್ತೂ ಮುಕ್ಕಾಲು ಕೋಟಿ ಹತ್ರ ಇದ್ದದ್ದು ಏಳೂ ಕಾಲು ಲಕ್ಷದೊಳಗ ಬಂತು ನೋಡು.

ಚಾರ್ಟಿನ್ಯಾಗ ಇದನ್ನೂ ಬರಿ: 1644ರಾಗ ಮರ್ಸೆನ್ ಇದನ್ನ ಅವಿಭಾಜ್ಯದ ಪಟ್ಟಿಗೆ ಹಾಕಿದ್ದ. 1876ರಾಗ ಲೂಕಾ ಅನ್ನೋ ಗಣಿತಜ್ಞ ಇದು ಅವಿಭಾಜ್ಯ ಅಲ್ಲ ಅಂತ ತೋರಿಸಿದ, ಖರೇ ಅಪವರ್ತನ ಮಾತ್ರ ಒಂದೂ ಕೊಡಲಿಲ್ಲ! ನನಗ ಇದರಾಗ ಭಾಳ ಸೇರೋದು ಇದ ನೋಡು. ಅವು ಸಿಕ್ಕದ್ದು 1903ರಾಗ, ಕೋಲ್ ಅನ್ನೋ ಗಣಿತಜ್ಞಗ. ಕಂಪ್ಯೂಟರ್ ಇಲ್ಲದ ಕಾಲ.

ವಿಜಯಪುರ_ಬಿಎಸ್ಸಿ:
ಸರ್, ಸಟ್ಟನೆ ಸಿಕ್ತು. ಈಗ 761838257287 ಅವಿಭಾಜ್ಯ ಹೌದಿಲ್ಲ ನೋಡಾಕ ಮತ್ತೊಂದು ಲೂಪ್ ಬರೀಬೇಕೇನ್ರಿ?

ಬಾಗಲಕೋಟೆ_ಗಣಿತ_ಮಾಸ್ತರ:
ಬ್ಯಾಡ. ಅದರ ವರ್ಗಮೂಲ ಒಂಬತ್ತು ಲಕ್ಷದೊಳಗ ಐತಿ. ಅದಕ್ಕ ಸಣ್ಣ ಅಪವರ್ತನ ಇದ್ದಿದ್ರ ಅದು ದೊಡ್ಡ ಸಂಖ್ಯೆಗೂ ಅಪವರ್ತನಾನ, ನಿನ್ನ ಲೂಪು 193707721 ಮುಟ್ಟೋಕಿಂತ ಮದಲ ಅಲ್ಲೇ ನಿಂತಿರತಿತ್ತು.