ಹಳೇ 207ಗೆ ಡಿಐ ಎಂಜಿನ್ ಕೂರಿಸಬಹುದಾ?

ಪ್ರಶ್ನೆ: ಮಾದಾಪುರ ಕಡೆಯ ತೋಟದವರು

ಎಲ್ಲರಿಗೂ ನಮಸ್ಕಾರ. ಅಪ್ಪ 1996ರಲ್ಲಿ ತಗೊಂಡ ಟಾಟಾಮೊಬೈಲ್ 207 ಪಿಕಪ್ ಈಗಲೂ ನಮ್ಮ ಕಾಫಿ ತೋಟದಲ್ಲಿ ಓಡುತ್ತಿದೆ. ಬಾಡಿ ಗಟ್ಟಿಯಾಗಿದೆ, ಚಾಸಿಗೆ ತುಕ್ಕು ಹಿಡಿದಿಲ್ಲ. ಎಂಜಿನ್ ಮಾತ್ರ ಸೋತಿದೆ. ಹೊಳೆ ಬದಿಯಿಂದ ಕಣಕ್ಕೆ ಬರುವ ದಾರಿಯಲ್ಲಿ ಒಂದು ಕಡಿದಾದ ತಿರುವು ಇದೆ. ಕೊಯ್ಲಿನ ಸಮಯದಲ್ಲಿ ಚೆರಿ ಮೂಟೆ ತುಂಬಿದರೆ ಅಲ್ಲಿ ಫಸ್ಟ್ ಗೇರಿನಲ್ಲೂ ಎಳೆಯುವುದಿಲ್ಲ. ಹಿಂದೆ ಕಪ್ಪು ಹೊಗೆ. ಅರ್ಧ ಲೋಡ್ ಇಳಿಸಿ ಎರಡು ಸಲ ಹೊಡೆಯಬೇಕು, ಆಳುಗಳು ಸುಮ್ನೆ ಕಾಯುತ್ತಾ ಕೂರುತ್ತಾರೆ.

ಮೈಸೂರಿನ ಗುಜರಿಯಲ್ಲಿ 207 ಡಿಐ (ಡೈರೆಕ್ಟ್ ಇಂಜೆಕ್ಷನ್, ಅಂದರೆ ಡೀಸೆಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಎಂಜಿನ್ ಇದೆ ಅಂತ ಡ್ರೈವರ್ ಹೇಳಿದ. ನಮ್ಮದು 1948 ಸಿಸಿ, ಅದು 2956 ಸಿಸಿ. ಎರಡೂ ಟಾಟಾದ್ದೇ. ನೇರವಾಗಿ ಕೂರುತ್ತದಾ? ಯಾರಾದರೂ ಮಾಡಿಸಿದ್ದೀರಾ? ಗಾಡಿ ಮಾರಿ ಅಂತ ಮಾತ್ರ ಹೇಳಬೇಡಿ. ಅಪ್ಪ ಅದನ್ನು ಇನ್ನೂ ತಾವೇ ತೊಳೆಯುತ್ತಾರೆ.

ಉತ್ತರ: ವಿರಾಜಪೇಟೆಯ ಬೆಳೆಗಾರ

ಎಂಜಿನ್ ನೋಡುವ ಮೊದಲು ಆರ್‌ಸಿ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದ್ದಾರೆ. ಅದೇ ಕಂಪನಿಯ ಅದೇ ಮಾದರಿ ಎಂಜಿನ್ ಹಾಕುವುದಾದರೆ ಅನುಮತಿಗೆ ದಾರಿ ಇದೆ. ಸಿಸಿ ಬದಲಾದರೆ ಕಷ್ಟ. ಮಡಿಕೇರಿ ಆರ್‌ಟಿಒದಲ್ಲಿ ಮೊದಲೇ ಕೇಳಿ, ಲಿಖಿತವಾಗಿ ತಗೊಳ್ಳಿ. ನಾಳೆ ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ನೋಡುವುದೇ ಎಂಜಿನ್ ನಂಬರ್.

ಪ್ರಶ್ನೆ ಕೇಳಿದವರು

ಗಾಡಿ ತೋಟದ ಒಳಗೇ ಓಡುವುದು ಸರ್. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಇರುವ ಕಡೆಗೆ ಹೋಗುವಾಗ ಮಾತ್ರ ಟಾರ್ ರೋಡ್ ದಾಟಬೇಕು.

ಉತ್ತರ: ವಿರಾಜಪೇಟೆಯ ಬೆಳೆಗಾರ

ದಾಟುವಾಗಲೂ ಅದು ರಸ್ತೆಯೇ ಅಲ್ವಾ.

ಉತ್ತರ: ಸುಂಟಿಕೊಪ್ಪದ ಡೀಸೆಲ್ ಮೆಕ್ಯಾನಿಕ್

ತಮ್ಮಾ, ನಿಮ್ಮ ಎಂಜಿನ್ 483, ಅದು 497. ಮೊದಲ ಅಂಕಿ ನಾಲ್ಕು ಸಿಲಿಂಡರ್, ಉಳಿದದ್ದು ಬೋರ್, ಅಂದರೆ ಸಿಲಿಂಡರಿನ ಒಳ ಅಗಲ. ನಿಮ್ಮದು 83 ಮಿಲಿಮೀಟರ್, ಅದು 97. ದೊಡ್ಡದು 407 ಲಾರಿ ಮನೆತನದ್ದು. ತೂಕವೂ ಜಾಸ್ತಿ, ಗುಣವೂ ಬೇರೆ.

ಎರಡರ ಹಾರ್ಸ್ ಪವರ್ ಹೆಚ್ಚು ಕಮ್ಮಿ ಒಂದೇ, 70ರ ಆಸುಪಾಸು. ಆದರೆ ನಿಮ್ಮದಕ್ಕೆ ಆ ಶಕ್ತಿ ಬರುವುದು ನಿಮಿಷಕ್ಕೆ 4500 ಸುತ್ತಿನಲ್ಲಿ, ಡಿಐಗೆ 3000ದಲ್ಲೇ. ಟಾರ್ಕ್, ಅಂದರೆ ತಿರುಗಿಸುವ ಬಲ ನೋಡಿದರೆ ನಿಮ್ಮದು ಸುಮಾರು 120 ನ್ಯೂಟನ್ ಮೀಟರ್, ಅದು ಸುಮಾರು 220. ಏರಿನಲ್ಲಿ ಬೇಕಾದದ್ದು ಇದೇ. ಹಾಗಾಗಿ ನಿಮ್ಮ ಆಸೆ ತಪ್ಪಲ್ಲ. ಆದರೆ ಎಂಜಿನ್ ಒಂದನ್ನೇ ಎತ್ತಿ ಇಟ್ಟರೆ ಆಗುವುದಿಲ್ಲ.

120ಕ್ಕೆ ಮಾಡಿದ ಗೇರ್ ಬಾಕ್ಸಿಗೆ 220 ಕೊಟ್ಟರೆ ಎಷ್ಟು ದಿನ ತಡೆದೀತು? ಕ್ಲಚ್, ಗೇರ್ ಬಾಕ್ಸ್ ಎರಡೂ ಡಿಐದ್ದೇ ಬೇಕು. ಹಿಂದಿನ ಎಕ್ಸೆಲ್ ಒಳಗಿನ ಹಲ್ಲು ಚಕ್ರದ ಜೋಡಿ, ಕ್ರೌನ್ ಪಿನಿಯನ್ ಕೂಡ. ಹಳೇ ಕ್ರೌನ್ ಹಾಗೇ ಬಿಟ್ಟರೆ, 4500 ಸುತ್ತಿಗೆ ಗಂಟೆಗೆ 90 ಕಿಲೋಮೀಟರಿನಲ್ಲಿ ಹೋಗುತ್ತಿದ್ದ ಗಾಡಿ 3000 ಸುತ್ತಿಗೆ 60ಕ್ಕೇ ನಿಲ್ಲುತ್ತದೆ. ತೋಟಕ್ಕೆ ಪರವಾಗಿಲ್ಲ, ಕುಶಾಲನಗರ ದಾಟಿ ಮೈಸೂರಿಗೆ ಹೊರಟರೆ ಅಳು ಬರುತ್ತದೆ. ಮೌಂಟಿಂಗ್ ಹೊಸದಾಗಿ ಕಟ್ಟಬೇಕು. ಗೇರ್ ಬಾಕ್ಸಿನಿಂದ ಹಿಂದಿನ ಎಕ್ಸೆಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಅಳೆದು ಬ್ಯಾಲೆನ್ಸ್ ಮಾಡಿಸಬೇಕು. ರೇಡಿಯೇಟರ್ ದೊಡ್ಡದು ಬೇಕು.

ಇದಕ್ಕಿಂತ ಮುಖ್ಯ ಬ್ರೇಕ್. ಡೀಸೆಲ್ ಗಾಡಿಯಲ್ಲಿ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ತನ್ನಷ್ಟಕ್ಕೆ ಬರುವುದಿಲ್ಲ, ಅದಕ್ಕೆ ಬೇರೆ ಪಂಪ್ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ. ಎಂಜಿನ್ ಬದಲಾಯಿಸುವಾಗ ಕೈಗೆ ಸಿಕ್ಕಿದ ಆಲ್ಟರ್ನೇಟರ್ ಹಾಕಿ ಪಂಪನ್ನು ಮರೆತ ಗಾಡಿ ನನ್ನ ಹತ್ತಿರ ಬಂದಿತ್ತು. ಸಮತಟ್ಟಿನಲ್ಲಿ ಗೊತ್ತೇ ಆಗಿರಲಿಲ್ಲ. ಸಂಪಾಜೆ ಘಾಟಿ ಇಳಿಯುವಾಗ ಪೆಡಲ್ ಕಲ್ಲಾಯಿತಂತೆ. ಡ್ರೈವರ್ ಸೆಕೆಂಡ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಉಳಿದುಕೊಂಡ. ಎಂಜಿನ್ ಎಳೆಯುತ್ತದೆ ಅಂತ ಜನ ಲೋಡೂ ಜಾಸ್ತಿ ಹಾಕುತ್ತಾರೆ. ಆದರೆ ಬ್ರೇಕ್ ಡ್ರಮ್, ಚಾಸಿ, ಎಕ್ಸೆಲ್ ಮೊದಲಿನದ್ದೇ ಇರುತ್ತವೆ.

ಈಗ ನಾನು ಕೇಳುತ್ತೇನೆ. ಈ ಗಾಡಿ ಮೊದಲು ಅದೇ ತಿರುವನ್ನು ಅದೇ ಲೋಡಿನಲ್ಲಿ ಹತ್ತುತ್ತಿತ್ತಾ? ಹತ್ತುತ್ತಿತ್ತು ಅಂದರೆ ಎಂಜಿನ್ ಚಿಕ್ಕದಾದದ್ದಲ್ಲ, ಎಲ್ಲೋ ಕೆಟ್ಟಿದೆ. ಕಪ್ಪು ಹೊಗೆ ಅಂದರೆ ಡೀಸೆಲ್ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ. ಗಾಳಿ ಸಾಲದು, ಇಲ್ಲವೇ ಇಂಜೆಕ್ಟರ್ ಸರಿಯಾಗಿ ಸ್ಪ್ರೇ ಮಾಡುತ್ತಿಲ್ಲ. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡುವವರ ಹತ್ತಿರ ಹೋಗಲೇಬೇಡಿ, ಹೊಗೆ ಹೆಚ್ಚುತ್ತದೆ ಅಷ್ಟೇ.

ಏರ್ ಫಿಲ್ಟರ್ ಬಿಚ್ಚಿ ನೋಡಿ. ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಹಿಂಡಿ ನೋಡಿ, ಮೆತ್ತಗಾಗಿದ್ದರೆ ರೇಸ್ ಕೊಟ್ಟಾಗ ಒಳಕ್ಕೆ ಕುಗ್ಗುತ್ತದೆ. ಎಂಜಿನ್ ಕಿರುಚಿಯೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಆಮೇಲೆ ಇಂಜೆಕ್ಟರ್ ಬೆಂಚಿನಲ್ಲಿ ಇಟ್ಟು ಪರೀಕ್ಷೆ, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಪರೀಕ್ಷೆ.

ಪ್ರಶ್ನೆ ಕೇಳಿದವರು

ಅಣ್ಣ, ಹೇಳಿದ್ದೆಲ್ಲ ನೋಡಿಸಿದೆ. ಅಪ್ಪನನ್ನು ಕೇಳಿದರೆ ಮೊದಲು ಅದೇ ತಿರುವನ್ನು ಲೋಡ್ ಸಮೇತ ಹತ್ತುತ್ತಿತ್ತು ಅಂದರು. ರಬ್ಬರ್ ಹೋಸ್ ನೀವು ಹೇಳಿದ ಹಾಗೇ ಇತ್ತು. ಡ್ರೈವರ್ ರೇಸ್ ಕೊಟ್ಟಾಗ ನಾನು ಬಾನೆಟ್ ಎತ್ತಿ ನೋಡುತ್ತಿದ್ದೆ, ಒಳಕ್ಕೆ ಎಳೆದುಕೊಂಡು ಚಪ್ಪಟೆ ಆಯಿತು. ಎರಡು ಇಂಜೆಕ್ಟರ್ ಸ್ಪ್ರೇ ಆಗದೆ ತೊಟ್ಟಿಕ್ಕುತ್ತಿದ್ದವು. ಹೋಸ್, ಇಂಜೆಕ್ಟರ್ ಎಲ್ಲ ಸರಿ ಮಾಡಿಸಿದ ಮೇಲೆ ಹೊಗೆ ತುಂಬಾ ಕಮ್ಮಿ ಆಯಿತು. ಆದರೆ ಮೂರನೇ ಸಿಲಿಂಡರಿನ ಕಂಪ್ರೆಷನ್ ಉಳಿದವಕ್ಕಿಂತ ಕಮ್ಮಿ ಬಂದಿದೆ. ಈಗ ಬೋರ್ ಮಾಡಿಸುವುದಾ (ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುವುದು), ಡಿಐ ಸೆಟ್ ಪೂರ್ತಿ ತರುವುದಾ?

ಉತ್ತರ: ಸುಂಟಿಕೊಪ್ಪದ ಡೀಸೆಲ್ ಮೆಕ್ಯಾನಿಕ್

ನನ್ನ ಅಭಿಪ್ರಾಯ, ನಿಮ್ಮ 483ನ್ನೇ ಮಾಡಿಸಿ. ಮೊದಲು ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ತೆಗೆಸಿ. ವಾಲ್ವ್ ಸೋರುತ್ತಿದ್ದರೆ ಅಲ್ಲಿಗೇ ಮುಗಿಯಿತು, ಬೋರ್ ಬೇಕಿಲ್ಲ. ಬೋರ್ ಸವೆದಿದ್ದರೆ ಮಾತ್ರ ಪಿಸ್ಟನ್, ರಿಂಗ್ ಸಮೇತ ನಾಲ್ಕನ್ನೂ ಮಾಡಿಸಿ, ಒಂದನ್ನೇ ಮಾಡಿಸಬೇಡಿ. ಎಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಟಿಒ ತಲೆನೋವಿಲ್ಲ, ಎಫ್‌ಸಿಗೂ (ಫಿಟ್ನೆಸ್ ಸರ್ಟಿಫಿಕೇಟಿಗೂ) ತೊಂದರೆ ಇಲ್ಲ. ಗುಜರಿ ಎಂಜಿನ್ ತಂದರೂ ಅದನ್ನೊಮ್ಮೆ ಬಿಚ್ಚಿ ನೋಡಲೇಬೇಕು, ಆ ಖರ್ಚು ಎರಡು ಸಲ ಯಾಕೆ?

ಹೆಡ್ ತೆಗೆದಾಗ ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕೂ ಹೊಸದು ಹಾಕಿಸಿ. ಅವು ಕೆಟ್ಟಿದ್ದರೆ ನಿಮ್ಮ ಕಡೆ ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದೆ ಬ್ಯಾಟರಿ ಸಾಯುತ್ತದೆ.

ಪ್ರಶ್ನೆ ಕೇಳಿದವರು

ಸರಿ ಅಣ್ಣ. ಮಳೆ ಬಿಟ್ಟ ಮೇಲೆ, ಕೊಯ್ಲಿಗೆ ಮೊದಲು ಗಾಡಿ ನಿಮ್ಮ ಹತ್ತಿರವೇ ತರುತ್ತೇನೆ. ಅಪ್ಪನೂ ಬರುತ್ತಾರಂತೆ, ಹೆಡ್ ತೆಗೆಯುವಾಗ ಪಕ್ಕದಲ್ಲೇ ಇರಬೇಕಂತೆ.

ಉತ್ತರ: ಸುಂಟಿಕೊಪ್ಪದ ಡೀಸೆಲ್ ಮೆಕ್ಯಾನಿಕ್

ಬರಲಿ, ಧಾರಾಳವಾಗಿ. ಹಳೇ ಸರ್ವೀಸ್ ಪುಸ್ತಕ ಇದ್ದರೆ ಅದನ್ನೂ ತರಲಿ. ಮೊದಲು ಬೋರ್ ಆಗಿದೆಯಾ, ಯಾವ ಸೈಜ್ ಪಿಸ್ಟನ್ ಹಾಕಿದ್ದಾರೆ ಅಂತ ಅದರಲ್ಲಿ ಬರೆದಿದ್ದರೆ ನನಗೆ ಅರ್ಧ ಕೆಲಸ ಉಳಿಯುತ್ತದೆ.